ಎಳೆಯ ನಕ್ಷತ್ರದ ಚಿಮ್ಮುಧಾರೆಯನ್ನು ನೋಡುವ ಬಗೆ

ಜೇಮ್ಸ್ ವೆಬ್ ದೂರದರ್ಶಕದ ಚಿತ್ರವೊಂದು ಮೊಬೈಲಿಗೆ ಬಂದರೆ ಕಣ್ಣು ಮೊದಲು ಬಣ್ಣಕ್ಕೆ ಸೋಲುತ್ತದೆ. ಸ್ವಲ್ಪ ಹೊತ್ತು ಬಣ್ಣವನ್ನು ಮರೆಯಿರಿ. ವೆಬ್ ಹಿಡಿಯುವುದು ಬಹುಪಾಲು ನಮಗೆ ಕಾಣದ ಅವಕೆಂಪು ಬೆಳಕನ್ನು. ಬಣ್ಣ ತುಂಬುವುದು ಆಮೇಲಿನ ಕೆಲಸ. ಹುಟ್ಟುತ್ತಿರುವ ನಕ್ಷತ್ರದ ಧಾರೆಯನ್ನು ಸವಿಯಬೇಕಾದರೆ ನೋಡಬೇಕಾದ್ದು ಗಂಟುಗಳನ್ನು.

ಹರ್ಬಿಗ್-ಹಾರೋ 34 ಎಂಬ ಧಾರೆಯಿಂದ ಶುರು ಮಾಡಿ. ಮಹಾವ್ಯಾಧನ ಸೊಂಟಪಟ್ಟಿಯ ಕೆಳಗೆ ಮಸುಕಾಗಿ ಕಾಣುವ ನೀಹಾರಿಕೆ ನಿಮಗೆ ಗೊತ್ತಿರಬಹುದು. ಅದರಿಂದ ತುಸು ದಕ್ಷಿಣಕ್ಕೆ, ಸುಮಾರು 1,400 ಜ್ಯೋತಿರ್ವರ್ಷ ದೂರದಲ್ಲಿದೆ ಇದು. ಬರಿಗಣ್ಣಿಗೆ ಸಿಗದು, ಚಿತ್ರವೇ ಗತಿ. ಹಬಲ್ ದೂರದರ್ಶಕ ತೆಗೆದ ಚಿತ್ರದಲ್ಲಿ ನಕ್ಷತ್ರದ ಬಳಿಯಿಂದ ತೆಳ್ಳನೆಯ ಗೆರೆಯೊಂದು ಹೊರಡುತ್ತದೆ. ದೊಡ್ಡದು ಮಾಡಿ ನೋಡಿ: ಅದು ಗೆರೆಯಲ್ಲ, ಮಣಿ ಪೋಣಿಸಿದ ದಾರ. ಬಹಳ ದೂರದಲ್ಲಿ, ದೋಣಿಯ ಮೂತಿಯ ಮುಂದೆ ನೀರು ಬಾಗುವಂತೆ, ಹೊಳೆಯುವ ಕಮಾನು.

ಸುತ್ತಲಿನ ಅನಿಲ ತಟ್ಟೆಯಂತೆ ಸುತ್ತುತ್ತಾ ನಕ್ಷತ್ರದೊಳಗೆ ಬೀಳುತ್ತದೆ. ತಿರುಗುವಿಕೆಯನ್ನು ಒಂದಿಷ್ಟು ಕಳೆದುಕೊಳ್ಳದೆ ಒಳಗೆ ಬೀಳಲು ಅದಕ್ಕೆ ಸಾಧ್ಯವಿಲ್ಲ. ಕಾಂತಕ್ಷೇತ್ರದ ನೆರವಿನಿಂದ ಸ್ವಲ್ಪ ಅನಿಲ ತಟ್ಟೆಯ ಮೇಲಕ್ಕೂ ಕೆಳಕ್ಕೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೊರಹಾರಿ, ಆ ತಿರುಗುವಿಕೆಯನ್ನು ಹೊತ್ತೊಯ್ಯುತ್ತದೆ. ನಕ್ಷತ್ರ ಒಂದೇ ಸಮ ಉಣ್ಣುವುದಿಲ್ಲ, ಹಾಗಾಗಿ ಒಂದೇ ಸಮ ಉಗುಳುವುದೂ ಇಲ್ಲ. ಹಿಂದಿನಿಂದ ಬಂದ ವೇಗದ ಅನಿಲ ಮುಂದಿನ ನಿಧಾನದ್ದಕ್ಕೆ ಡಿಕ್ಕಿ ಹೊಡೆದಲ್ಲಿ ಕಾದು ಬೆಳಗುತ್ತದೆ. ಅದೇ ಗಂಟು. ದಾರದುದ್ದಕ್ಕೂ ಕಣ್ಣು ಹಾಯಿಸಿದರೆ ಆ ಎಳೆಯ ನಕ್ಷತ್ರದ ಊಟದ ದಿನಚರಿಯನ್ನೇ ಓದಿದಂತಾಗುತ್ತದೆ.

ಹೆಸರಿಗೆ ಕಾರಣರಾದ ಅಮೆರಿಕದ ಜಾರ್ಜ್ ಹರ್ಬಿಗ್, ಮೆಕ್ಸಿಕೊದ ಗಿಲೆರ್ಮೊ ಹಾರೋ ಇಂಥ ಬೆಳಕಿನ ತುಣುಕುಗಳನ್ನು 1940ರ ದಶಕದ ಕೊನೆಯ ಹೊತ್ತಿಗೆ ಬೇರೆ ಬೇರೆಯಾಗಿ ಗುರುತಿಸಿದ ಬಳಿಕ, ಇವೇ ಹುಟ್ಟುವ ನಕ್ಷತ್ರಗಳಿರಬಹುದೆಂಬ ಊಹೆಯೂ ಇತ್ತು.

ಇನ್ನು ಕಾಣದ ಭಾಗ. ಧಾರೆ ಎರಡು ಕಡೆ ಹೊರಡಬೇಕಲ್ಲ, ಇನ್ನೊಂದು ಎಲ್ಲಿ? ಧೂಳಿನ ಮರೆಯಲ್ಲಿತ್ತು. ಸ್ಪಿಟ್ಜರ್ ದೂರದರ್ಶಕ ಅವಕೆಂಪಿನಲ್ಲಿ ಅದನ್ನು ತೋರಿಸಿತು. ಆ ಕಡೆಯ ಗಂಟುಗಳಿಗೆ ಈ ಕಡೆ ಜೋಡಿ ಗಂಟುಗಳಿದ್ದವು, ಆದರೆ ಹೊರಟ ಹೊತ್ತಿನಲ್ಲಿ ಸುಮಾರು ನಾಲ್ಕೂವರೆ ವರ್ಷಗಳ ಅಂತರ! ಈ ಅಂತರ ಒಂದು ಬದಿಯ ಸುದ್ದಿ ಇನ್ನೊಂದು ಬದಿಗೆ ಮುಟ್ಟಲು ಹಿಡಿದ ಹೊತ್ತೆಂದು ಎಣಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಿಂದಲೇ, ಧಾರೆಗಳು ಹುಟ್ಟುವ ಜಾಗ ಭೂಮಿ-ಸೂರ್ಯರ ದೂರದ ಮೂರು ಪಟ್ಟು ತ್ರಿಜ್ಯದಷ್ಟು ಚಿಕ್ಕದೆಂದು ತಿಳಿಯಿತು. ಎರಡು ಸಾಲು ಚುಕ್ಕೆಗಳಿಂದ ಇಷ್ಟು ದೂರ ತಲುಪಿದ್ದು ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ.

ಹಬಲ್‌ನ 14 ವರ್ಷಗಳ ಚಿತ್ರಗಳನ್ನು ಜೋಡಿಸಿ ಮಾಡಿದ ಕಿರುಚಲನಚಿತ್ರವೂ ಇದೆ. ಗಂಟುಗಳು ಅದರಲ್ಲಿ ನಿಜಕ್ಕೂ ಸರಿಯುತ್ತವೆ. ಮೊದಲ ಸಲ ಇಡೀ ಧಾರೆಯನ್ನು ನೋಡಿ. ಎರಡನೆಯ ಸಲ ಒಂದೇ ಒಂದು ಗಂಟನ್ನು ಆರಿಸಿಕೊಂಡು, ಚಿತ್ರ ಮುಗಿಯುವವರೆಗೂ ಅದರಿಂದ ಕಣ್ಣು ತೆಗೆಯಬೇಡಿ.