ಗಡಿನಾಡಿನ ಜ್ವರ: ‘ವಿಳಂಬ’ ಎಂಬ ಪದದ ವಿಮರ್ಶೆ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ನಮ್ಮ ಗಾದೆ ಇಬ್ಬರ ಇಚ್ಛೆಯೂ ಕೂಡಿಬಂದ ಅದೃಷ್ಟವನ್ನು ಹೇಳುತ್ತದೆ. ಗಡಿನಾಡುಗಳಲ್ಲಿ ಈ ಅದೃಷ್ಟ ವಿರಳ. ಅಲ್ಲಿಯ ಜ್ವರಪೀಡಿತನು ಅರಸುವುದು ಜ್ವರದ ಉಪಶಮನವನ್ನು. ಅವನಿಗಾಗಿ ಏರ್ಪಟ್ಟ ವ್ಯವಸ್ಥೆ ಅರಸುವುದು ಒಂದು ನಿರ್ದಿಷ್ಟ ರೋಗವನ್ನು, ಬಹುಮಟ್ಟಿಗೆ ಮಲೇರಿಯಾವನ್ನು. ಈ ಅಂತರವನ್ನು ಸಾಕಷ್ಟು ಗಮನಿಸದೆ ಹೋದುದರಿಂದ ಗಡಿಜನರ ಚಿಕಿತ್ಸಾಕ್ರಮವನ್ನು ಕುರಿತ ವಿಚಾರದಲ್ಲಿ ಒಂದು ದೋಷ ಸೇರಿಕೊಂಡಿದೆ. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ದೇಶಗಳ ಗಡಿಯ ನಿದರ್ಶನದಿಂದ ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂಥ ಅಧ್ಯಯನಗಳಲ್ಲಿ ರೂಢವಾಗಿರುವ ಅಳತೆಗೋಲು ಇಪ್ಪತ್ತನಾಲ್ಕು ಗಂಟೆ. ಜ್ವರ ಬಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಚಿಕಿತ್ಸೆ ದೊರೆಯಬೇಕೆಂಬ ಗುರಿಯನ್ನು ಆಫ್ರಿಕದ ರಾಷ್ಟ್ರಗಳು 2000ದಲ್ಲಿ ಅಬುಜಾ ನಗರದಲ್ಲಿ ಘೋಷಿಸಿದುವು. ಗುರಿ ಯುಕ್ತವಾದುದೇ. ಫಾಲ್ಸಿಪಾರಮ್ ಜಾತಿಯ ಮಲೇರಿಯಾ ಕೆಲವೇ ದಿನಗಳಲ್ಲಿ ಪ್ರಾಣಾಂತಿಕವಾಗಬಲ್ಲುದು. ಆದರೆ ವ್ಯವಸ್ಥೆಗೆ ವಿಧಿಸಿದ ಗುರಿ ಕ್ರಮೇಣ ರೋಗಿಯ ನಡತೆಯನ್ನು ಅಳೆಯುವ ಕೋಲಾಯಿತು. ಗಡುವಿನೊಳಗೆ ಬಂದವನು ತಿಳಿದವನು, ಅನಂತರ ಬಂದವನು ‘ವಿಳಂಬ’ ಮಾಡಿದವನು. ಈ ವಿಳಂಬಕ್ಕೆ ಕಾರಣವನ್ನು ಅವನ ಶಿಕ್ಷಣದಲ್ಲಿ, ಸೊಳ್ಳೆಯ ವಿಷಯದಲ್ಲಿ ಅವನಿಗಿರುವ ಅರಿವಿನಲ್ಲಿ ಹುಡುಕುವುದು ವಾಡಿಕೆ. ಅರಿವು ಕಡಮೆಯಾದುದರಿಂದ ತಿಳಿವಳಿಕೆ ಕೊಡಬೇಕೆಂಬ ತೀರ್ಮಾನ ಅದರ ಹಿಂದೆಯೇ ಬರುತ್ತದೆ.

ಈ ತೀರ್ಮಾನ ವಸ್ತುಸ್ಥಿತಿಗೆ ಒಪ್ಪುವುದೇ? ಆ ಎರಡು ದೇಶಗಳ ನಡುವಣ ಗಡಿ ಸುಮಾರು 2,400 ಕಿಲೋಮೀಟರುಗಳಷ್ಟು ಉದ್ದವಾದುದು. ಥಾಯ್ಲೆಂಡಿನ ಮೇ ಸೋಟ್ ಪಟ್ಟಣಕ್ಕೂ ಆಚೆಯ ಮ್ಯಾವಡ್ಡಿಗೂ ನಡುವೆ ಹರಿಯುವುದು ಮೋಯ್ ಎಂಬ ಸಣ್ಣ ನದಿ. ಆಚೆಯ ದಡದ ಕರೆನ್ ಮತ್ತು ಬರ್ಮೀ ಜನ ಕೂಲಿಗಾಗಿ ಈಚೆಯ ಹೊಲಗಳಿಗೂ ಕಾರ್ಖಾನೆಗಳಿಗೂ ಬರುತ್ತಾರೆ. ಇಂಥವನೊಬ್ಬನಿಗೆ ಜ್ವರ ಬಂದಿತೆನ್ನೋಣ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ತಪ್ಪುತ್ತದೆ. ಕಾಗದಪತ್ರಗಳಿಲ್ಲದಿದ್ದರೆ ದಾರಿಯ ತಪಾಸಣೆಯಲ್ಲಿ ಸಿಕ್ಕಿಬೀಳುವ ಭಯವುಂಟು. ಅಲ್ಲಿ ಆಡುವ ಭಾಷೆ ಅವನದಲ್ಲ. ಜ್ವರವಾದರೋ ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುವುದೂ ಉಂಟು. ಇಷ್ಟನ್ನೂ ತೂಗಿನೋಡಿ ಅವನು ಒಂದು ದಿನ ಕಾಯುತ್ತಾನೆ, ಇಲ್ಲವೆ ಹತ್ತಿರದ ಅಂಗಡಿಗೆ ಹೋಗುತ್ತಾನೆ. ಇದನ್ನು ಅಜ್ಞಾನವೆನ್ನುವುದಕ್ಕಿಂತ ಲೆಕ್ಕಾಚಾರವೆನ್ನುವುದು ಮೇಲು.

ಅಂಗಡಿಯ ಆಕರ್ಷಣೆಯೂ ನಿಷ್ಕಾರಣವಲ್ಲ. ಥಾಯ್ ಭಾಷೆಯಲ್ಲಿ ‘ಯಾ ಚುದ್’ ಎಂದು ಕರೆಯುವ, ಹಲವು ಬಗೆಯ ಮಾತ್ರೆಗಳನ್ನು ಒಟ್ಟುಗೂಡಿಸಿದ ಪೊಟ್ಟಣ ಅಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಅಂಗಡಿಯವನು ಗುರುತಿನ ಚೀಟಿ ಕೇಳುವುದಿಲ್ಲ, ಕಾಯಿಸುವುದಿಲ್ಲ. ಇದರ ಅಪಾಯವನ್ನು ಮರೆಮಾಚಬೇಕಾದುದಿಲ್ಲ. ಆರ್ಟೆಮಿಸಿನಿನ್ ವರ್ಗದ ಔಷಧಗಳು ಜ್ವರವನ್ನು ಶೀಘ್ರವಾಗಿ ಇಳಿಸುತ್ತವೆ. ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸಿದರೆ ರಕ್ತದಲ್ಲಿ ರೋಗಾಣುಗಳು ಉಳಿಯುತ್ತವೆ. ಈ ಔಷಧವನ್ನು ಒಂಟಿಯಾಗಿ ಮಾತ್ರೆಯ ರೂಪದಲ್ಲಿ ಮಾರುವುದನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೇಳಿಕೊಂಡಿತು. ಆದರೆ ಅಂಗಡಿಯನ್ನು ದೂಷಿಸುವ ಮೊದಲು, ಅದು ಒದಗಿಸುತ್ತಿದ್ದ ಸಾಮೀಪ್ಯವನ್ನು ಬೇರೆ ಯಾರು ಒದಗಿಸಿದರೆಂದು ಕೇಳಬೇಕು.

ಈ ಪ್ರಶ್ನೆಗೆ ಗಡಿಯ ಇತಿಹಾಸವೇ ಉತ್ತರ ಕೊಡುತ್ತದೆ. 1989ರಲ್ಲಿ ವೈದ್ಯೆ ಸಿಂಥಿಯಾ ಮಾಂಗ್ ಅವರು ಮೇ ಸೋಟ್‌ನಲ್ಲಿ ಮೇ ತಾವ್ ಚಿಕಿತ್ಸಾಲಯವನ್ನು ಆರಂಭಿಸಿದಾಗ, ರೋಗಿಗಳು ತಮ್ಮ ನುಡಿ ಬಲ್ಲವರನ್ನು ಹುಡುಕಿಕೊಂಡು ನದಿ ದಾಟಿ ಬಂದರು. 2014ರಿಂದ ಮುಂದೆ ಕರೆನ್ ಸೀಮೆಯ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಲೇರಿಯಾ ಠಾಣೆಗಳು ಸ್ಥಾಪಿತವಾದುವು. ಊರಿನವರೇ ಆದ ಕಾರ್ಯಕರ್ತರು ಬೆರಳಿನ ಒಂದು ಹನಿ ರಕ್ತದಿಂದ ಪರೀಕ್ಷಿಸಿ ಅಲ್ಲಿಯೇ ಔಷಧ ಕೊಟ್ಟರು. ಫಾಲ್ಸಿಪಾರಮ್ ಮಲೇರಿಯಾ ಬಹುವಾಗಿ ತಗ್ಗಿತು. ಈ ಹಳ್ಳಿಗಳ ಜನ ಅಷ್ಟರಲ್ಲಿ ಶಾಲೆ ಕಲಿತವರಾಗಲಿಲ್ಲ. ಬದಲಾದುದು ಔಷಧದ ದೂರ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಸೈನ್ಯ ಅಧಿಕಾರ ಹಿಡಿದು ಕಲಹ ಹಬ್ಬಿದ ಮೇಲೆ ಗಡಿಯಲ್ಲಿ ಮಲೇರಿಯಾ ಮತ್ತೆ ಏರಿತು. ಜನರ ಅರಿವು ಆ ವರ್ಷ ಇದ್ದಕ್ಕಿದ್ದಂತೆ ಕುಗ್ಗಿತೆಂದು ಯಾರೂ ವಾದಿಸಲಾರರು.

ಇನ್ನೊಂದು ತೊಡಕನ್ನೂ ಗಮನಿಸಬೇಕು. ಮಲೇರಿಯಾ ತಗ್ಗಿದರೂ ಜ್ವರ ತಗ್ಗುವುದಿಲ್ಲ. ಆ ಗಡಿಯಲ್ಲಿ ಡೆಂಗಿ, ಕುರುಚಲುಕಾಡಿನ ನುಸಿಗಳಿಂದ ಹರಡುವ ಟೈಫಸ್, ಇಲಿಜ್ವರ ಮೊದಲಾದುವೂ ಉಂಟು. ಮಲೇರಿಯಾ ಇಲ್ಲವೆಂದು ಪರೀಕ್ಷೆ ಹೇಳಿದಾಗ, ಅದೊಂದನ್ನೇ ನೋಡಲು ತರಬೇತಿಗೊಂಡ ಕಾರ್ಯಕರ್ತನ ಕೈ ಬರಿದಾಗುತ್ತದೆ. ಯೋಜನೆಯ ದೃಷ್ಟಿಯಲ್ಲಿ ಅದು ಶುಭವಾರ್ತೆ. ಜ್ವರದಿಂದ ನಡುಗುತ್ತಿರುವವನಿಗೆ ಅದು ಉತ್ತರವೇ ಅಲ್ಲ. ಎರಡು ಸಲ ಬರಿಗೈಯಲ್ಲಿ ಹಿಂತಿರುಗಿದವನು ಮೂರನೆಯ ಸಲ ಅಂಗಡಿಗೆ ಹೋದರೆ ಅಚ್ಚರಿಯೇನು? ಆ ಮೂರನೆಯ ಜ್ವರ ಮಲೇರಿಯಾ ಆಗಿದ್ದರೆ ಪಟ್ಟಿಯಲ್ಲಿ ಅವನು ‘ವಿಳಂಬ’ಗಾರನೆಂದು ದಾಖಲಾಗುತ್ತಾನೆ. ಅವನು ಮೊದಲೆರಡು ಸಲ ಸಕಾಲದಲ್ಲಿ ಬಂದುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ವೈವಾಕ್ಸ್ ಜಾತಿಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ವಾರಗಳ ಮೇಲೆ ಮರುಕಳಿಸುವುದರಿಂದ, ಔಷಧ ನುಂಗಿಯೂ ಜ್ವರ ಬಂದವನ ನಂಬಿಕೆ ಮತ್ತಷ್ಟು ಸಡಿಲವಾಗುತ್ತದೆ.

ನಮ್ಮ ಸಹ್ಯಾದ್ರಿಯ ಜ್ವರವೊಂದು ಇದೇ ಪಾಠವನ್ನು ಹೇಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರವನ್ನು ಜನ ಮಂಗನ ಕಾಯಿಲೆ ಎಂದು ಕರೆದರು. ಕಾಡಿನಲ್ಲಿ ಮಂಗಗಳು ಸಾಯುವುದಕ್ಕೂ ಊರಿನಲ್ಲಿ ಜ್ವರ ಕಾಣುವುದಕ್ಕೂ ಇರುವ ನಂಟು ಆ ಹೆಸರಿನಲ್ಲಿಯೇ ಅಡಗಿದೆ. ಉಣ್ಣೆಗಳಿಂದ ಹರಡುವ ಈ ರೋಗ ಈಗ ಕೇರಳದ ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ ಪ್ರದೇಶಗಳಲ್ಲಿಯೂ ಕಂಡುಬಂದಿದೆ. ರಾಜ್ಯದ ಎಲ್ಲೆ ಉಣ್ಣೆಗೆ ತಿಳಿಯದು. ಕೂಲಿಗಾಗಿ ಎಲ್ಲೆ ದಾಟುವವನ ಜ್ವರವೂ ಅವನೊಡನೆಯೇ ದಾಟುತ್ತದೆ. ಮಲೇರಿಯಾ ಇಲ್ಲವೆಂಬಲ್ಲಿಗೆ ವಿಚಾರಣೆ ಮುಗಿದರೆ ಇಂಥ ಜ್ವರ ಹೆಸರಿಲ್ಲದೆ ಉಳಿಯುತ್ತದೆ.

ಅರಿವಿಗೆ ಬೆಲೆಯಿಲ್ಲವೆಂಬುದು ನಮ್ಮ ವಾದವಲ್ಲ. ಮಾತ್ರೆಗಳನ್ನು ಪೂರ್ತಿ ನುಂಗಬೇಕೆಂದು ತಿಳಿಸಿ ಹೇಳುವುದು ಇಂದಿಗೂ ಅಗತ್ಯ. ಆದರೆ ಕಾರಣಗಳ ತಾರತಮ್ಯ ತಪ್ಪಬಾರದು. ತಪ್ಪು ರೋಗಿಯದೆಂದು ಬರೆದರೆ ಹಣ ಭಿತ್ತಿಪತ್ರಗಳಿಗೆ ಹೋಗುತ್ತದೆ. ದೂರದ್ದೆಂದು ಬರೆದರೆ ಊರಿನ ಕಾರ್ಯಕರ್ತನಿಗೆ ಹೋಗುತ್ತದೆ. ಸಂಶೋಧಕನ ಒಂದು ಪದದಿಂದ ಇಷ್ಟು ನಡೆಯಬಲ್ಲುದು. ಆದುದರಿಂದ ಪ್ರಶ್ನಾವಳಿ ಹಿಡಿದು ಗಡಿಗೆ ಹೋಗುವ ವಿದ್ಯಾರ್ಥಿಯು ‘ಏಕೆ ತಡಮಾಡಿದೆ?’ ಎಂದು ಕೇಳುವ ಮೊದಲು, ‘ಹಿಂದಿನ ಸಲ ಜ್ವರ ಬಂದಾಗ ಎಲ್ಲಿಗೆ ಹೋಗಿದ್ದೆ, ಅಲ್ಲಿ ನಿನಗೆ ಏನು ದೊರೆಯಿತು?’ ಎಂದು ಕೇಳುವುದು ಒಳ್ಳೆಯದು.