ಕೋಟು ಯಾರಿಗೆ, ಕಣ್ಣು ಯಾರದು?

ಮುಂದಿನ ಜೇಮ್ಸ್ ಬಾಂಡ್ ಯಾರಾಗಬೇಕು ಎಂಬ ಜಗಳ ಲಂಡನ್ನಿನದು ಎಂದು ತಿಳಿಯುವವರು ಒಮ್ಮೆ ಪೋತ್ನಾಳದ ಚಹಾದಂಗಡಿಗೆ ಬಂದು ಕೂಡಬೇಕು. 1962ರ ‘ಡಾಕ್ಟರ್ ನೋ’ದಿಂದ 2021ರವರೆಗೆ ಒಂದೇ ನಿರ್ಮಾಣ ಸಂಸ್ಥೆಯ 25 ಚಿತ್ರಗಳಲ್ಲಿ ಆರು ಮಂದಿ ನಟರು ಈ ಪಾತ್ರ ಮಾಡಿದರು. ಆರೂ ಮಂದಿ ಬಿಳಿಯರು. ಕೊನೆಯವನಾದ ಡೇನಿಯಲ್ ಕ್ರೇಗ್‌ನ ಬಾಂಡ್ ಪರದೆಯ ಮೇಲೇ ಸತ್ತುಹೋದ. 2025ರಲ್ಲಿ ಬಾಂಡ್ ಕತೆಗಳ ಹತೋಟಿ ಅಮೆಜಾನ್ ಕಂಪನಿಯ ಕೈಗೆ ಹೋದ ಮೇಲಂತೂ ಚರ್ಚೆಗೆ ಹೊಸ ಕಾವು ಬಂತು. ನಮ್ಮ ಹುಡುಗರು ಮೊಬೈಲಿನಲ್ಲಿ ಇದನ್ನೆಲ್ಲ ನೋಡುತ್ತಾರೆ. ನೋಡಿ ಸುಮ್ಮನಿರುವುದಿಲ್ಲ. ‘ಆ ಬಾಂಡ್ ಸುದ್ದಿ ಬಿಡೋ, ನಮ್ಮ ಸಿ.ಐ.ಡಿ. 999 ತಿರುಗಿ ಬಂದ್ರ ಯಾರು ಮಾಡ್ಬೇಕು ಹೇಳು’ ಎಂದು ಒಬ್ಬ ಅನ್ನುತ್ತಾನೆ. ಅಲ್ಲಿಂದ ಮುಂದೆ ಚಹಾ ಆರಿದರೂ ಮಾತು ಆರುವುದಿಲ್ಲ.

ದಲಿತ ವಿಮರ್ಶೆ ಇಂಥ ಮಾತನ್ನು ಸಿನಿಮಾ ಹುಚ್ಚು ಎಂದು ತಳ್ಳಿಹಾಕುತ್ತ ಬಂದಿದೆ. ವಚನ, ಕೀರ್ತನೆ, ಕಾದಂಬರಿಗಳ ಬಗ್ಗೆ ನಾವು ವಿಚಾರ ಸಂಕಿರಣ ಮಾಡುತ್ತೇವೆ. ಕೇರಿಯ ಜನ ದುಡ್ಡು ಕೊಟ್ಟು, ಸರದಿಯಲ್ಲಿ ನಿಂತು ನೋಡಿದ ಚಿತ್ರಗಳನ್ನು ಅಭಿಮಾನಿ ಸಂಘಗಳಿಗೆ ಬಿಟ್ಟುಕೊಟ್ಟಿದ್ದೇವೆ. ಒಂದು ಪಾತ್ರಕ್ಕೆ ಯಾರು ತಕ್ಕವರು ಎಂದು ಜನ ಜಗಳಾಡುವಾಗ, ತಮ್ಮ ಬದಲಿಗೆ ಯಾರನ್ನು ಜಗತ್ತಿಗೆ ಕಳಿಸಬೇಕು ಎಂದೇ ಅವರು ಕೇಳುತ್ತಿರುತ್ತಾರೆ. ಅದು ರಾಜಕೀಯ ಪ್ರಶ್ನೆ.

ಮೊದಲು 999ರ ಲೆಕ್ಕ ನೋಡೋಣ. ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ‘ಜೇಡರ ಬಲೆ’ 1968ರಲ್ಲಿ ಬಂತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲೂ ರಾಜಕುಮಾರ್ ಅವರೇ ಪತ್ತೇದಾರ ಪ್ರಕಾಶ್. ಬಾಂಡ್‌ನ ವಿಷಯದಲ್ಲಿ ನಟ ಬದಲಾದ, ಹೆಸರು ಉಳಿಯಿತು. ನಮ್ಮಲ್ಲಿ ನಟನೊಂದಿಗೇ ಪಾತ್ರ ಮುಗಿಯಿತು. ಆದ್ದರಿಂದಲೇ ನಮ್ಮ ಚರ್ಚೆ ಪಾತ್ರದ ಗುಣವನ್ನು ಬಿಟ್ಟು ಮನೆತನದ ಕಡೆ ಹೊರಳುತ್ತದೆ. ಪುನೀತ್ ರಾಜಕುಮಾರ್ ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಎನ್ನುವವರು ಬಹಳ. 2021ರ ಅಕ್ಟೋಬರ್ 29ರಂದು ಅವರು ತೀರಿಹೋದರು. ಅವರಿಲ್ಲದೆ 2022ರ ಮಾರ್ಚ್ 17ರಂದು ತೆರೆಕಂಡ ಚಿತ್ರದ ಹೆಸರು ‘ಜೇಮ್ಸ್’. ಅದನ್ನು ನೆನೆದು ಇವತ್ತಿಗೂ ಕಣ್ಣೀರು ಹಾಕುವವರು ನಮ್ಮ ಊರುಗಳಲ್ಲಿದ್ದಾರೆ. ಅವರ ದುಃಖ ದೊಡ್ಡದು, ನಿಜವಾದದ್ದು. ಆದರೆ ಪಾತ್ರವೊಂದು ಹೊಲದ ಪಹಣಿಯ ಹಾಗೆ ಅಪ್ಪನಿಂದ ಮಗನಿಗೆ ಬರಬೇಕು ಎಂಬ ನಂಬಿಕೆ ನಮ್ಮೊಳಗೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲೇಬೇಕು. ಹುಟ್ಟಿನಿಂದ ಕೆಲಸ ಗೊತ್ತಾಗುವ ವ್ಯವಸ್ಥೆಯಲ್ಲಿ ಸೋತವರು ನಾವು. ಪರದೆಯ ಮೇಲೆ ಅದೇ ನಿಯಮಕ್ಕೆ ಜೈಕಾರ ಹಾಕುವುದು ಹೇಗೆ?

ರಾಯಚೂರು ಸೀಮೆಯಲ್ಲಿ ಈ ಚರ್ಚೆಗೆ ಇನ್ನೊಂದು ಎಳೆ ಇದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ, ಸಿಂಧನೂರು ಸುತ್ತ ಆಂಧ್ರದ ರೈತರ ಕ್ಯಾಂಪುಗಳು ಎದ್ದವು. ಅವುಗಳ ಜೊತೆ ತೆಲುಗು ಸಿನಿಮಾ ಇನ್ನೂ ಹತ್ತಿರವಾಯಿತು. 1966ರ ‘ಗೂಢಚಾರಿ 116’ ಚಿತ್ರದ ಕೃಷ್ಣ ನಮ್ಮ 999ಕ್ಕಿಂತ ಎರಡು ವರ್ಷ ಹಿರಿಯ. ‘ನಂಬರ್ ಹಾಕ್ಕೊಂಡು ಮೊದಲ ಬಂದಾಂವ ಯಾಂವ?’ ಎಂದು ಹಿರಿಯರು ಇಂದಿಗೂ ತಕರಾರು ತೆಗೆಯುತ್ತಾರೆ. ನಂಬರು ಯಾವುದಾದರೂ ಇರಲಿ, ಕೋಟು ಒಂದೇ. ಆ ಕೋಟಿನ ಬಗ್ಗೆ ನಾವು ಗಂಭೀರವಾಗಿ ಮಾತಾಡಬೇಕು.

ರಾಜಕುಮಾರ್ ಈಡಿಗ ಸಮುದಾಯದಿಂದ, ಕಂಪನಿ ನಾಟಕದ ಬಡತನದಿಂದ ಬಂದವರು. 1954ರಲ್ಲಿ ಬೇಡರ ಕಣ್ಣಪ್ಪನಾಗಿ, 1960ರಲ್ಲಿ ಕನಕದಾಸನಾಗಿ, 1962ರಲ್ಲಿ ಕಬೀರನಾಗಿ ದೇವರ ಮುಂದೆ ನಿಂತವರು. ಶೂದ್ರನಿಗೆ, ತಳದವನಿಗೆ ಸಿನಿಮಾ ಕೊಟ್ಟಿದ್ದ ದೊಡ್ಡ ಪಾತ್ರವೆಂದರೆ ಭಕ್ತನದು. ಭಕ್ತ ತನ್ನ ಯೋಗ್ಯತೆಯನ್ನು ಸಾಬೀತು ಮಾಡಬೇಕು, ಕಣ್ಣು ಕಿತ್ತುಕೊಡಬೇಕು, ಅಳಬೇಕು. 1968ರಲ್ಲಿ ಅದೇ ನಟ ಕೋಟು ತೊಟ್ಟು, ಯಾರ ಅಪ್ಪಣೆಗೂ ಕಾಯದೆ ದೊಡ್ಡವರ ಮನೆಯ ಬಾಗಿಲು ತಳ್ಳಿ ಒಳಗೆ ಹೋದ. ಗೌಡರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಜನ ಟೆಂಟಿನ ನೆಲದ ಮೇಲೆ ಕೂತು ಇದನ್ನು ನೋಡಿದರು. ಅವರ ಸಿಳ್ಳೆಯನ್ನು ಬರೀ ಮೈಮರೆವು ಎನ್ನುವ ವಿಮರ್ಶಕನಿಗೆ ಕೇರಿ ಗೊತ್ತಿಲ್ಲ. ನಮ್ಮ ಗುಡಿಸಲುಗಳ ಗೋಡೆಯ ಮೇಲೆ ಅಂಬೇಡ್ಕರರ ಪಟವೂ ಕೋಟಿನಲ್ಲೇ ಇತ್ತು.

ಆದರೆ ಎರಡು ಕೋಟುಗಳ ನಡುವೆ ಅಂತರವಿದೆ. ‘ಜಾತಿ ವಿನಾಶ’ವನ್ನು 1936ರಲ್ಲಿ ಅಚ್ಚು ಹಾಕಿಸಿದ ಅಂಬೇಡ್ಕರ್ ತಾನು ಯಾರು ಎಂಬುದನ್ನು ಹೇಳಿಯೇ ಕೋಟು ತೊಟ್ಟರು. ಪತ್ತೇದಾರ ಪ್ರಕಾಶನಿಗೆ ಊರಿಲ್ಲ, ಕೇರಿಯಿಲ್ಲ, ಅಡ್ಡಹೆಸರಿಲ್ಲ. ಅವನು ಗೋವಾಕ್ಕೆ ಹೋದರೂ ಹೋಟೆಲಿನ ಕೋಣೆ ಸಿಗುತ್ತದೆ. ರಾಯಚೂರಿನಲ್ಲಿ ಬಾಡಿಗೆ ಕೋಣೆ ಕೇಳಲು ಹೋದ ನಮ್ಮ ವಿದ್ಯಾರ್ಥಿಗೆ ಮೊದಲ ಪ್ರಶ್ನೆ ‘ಯಾವೂರು?’, ಎರಡನೆಯದು ‘ಯಾರ ಪೈಕಿ?’ ಬೇಹುಗಾರ ನಾಯಕನ ನಿಜವಾದ ಬಲ ಅವನ ಪಿಸ್ತೂಲಲ್ಲ. ಅವನು ಎಲ್ಲರನ್ನೂ ನೋಡಬಹುದು, ಅವನನ್ನು ಯಾರೂ ವಿಚಾರಿಸುವಂತಿಲ್ಲ. ದಲಿತನ ಬದುಕು ಇದಕ್ಕೆ ತಿರುವುಮುರುವು. ಎಲ್ಲರೂ ಅವನನ್ನು ವಿಚಾರಿಸುತ್ತಾರೆ, ಅವನು ಕಣ್ಣೆತ್ತಿ ನೋಡುವಂತಿಲ್ಲ.

ವಿಚಿತ್ರವೆಂದರೆ ಊರಿನ ಪತ್ತೇದಾರಿಕೆ ಎಂದೂ ಕೋಟಿನವರ ಕೆಲಸವಾಗಿರಲಿಲ್ಲ. ಕಳುವಾದರೆ ಹೆಜ್ಜೆ ಹಿಡಿದು ಹೋಗುವವರು, ರಾತ್ರಿ ಊರು ಕಾಯುವವರು, ಓಲೆ ಹೊತ್ತು ಹಳ್ಳಿಯಿಂದ ಹಳ್ಳಿಗೆ ಓಡುವವರು ತಳವಾರರು, ವಾಲೀಕಾರರು. ನಮ್ಮ ಹಿರಿಯ ಲೇಖಕ ಚೆನ್ನಣ್ಣ ವಾಲೀಕಾರರ ಹೆಸರಿನಲ್ಲೇ ಆ ಚಾಕರಿಯ ಗುರುತಿದೆ. ಯಾವ ಹೊಲದ ಬದುವಿನ ಕಲ್ಲು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದು ಇವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವ ಹಕ್ಕು ಇರಲಿಲ್ಲ. ಹೆಜ್ಜೆ ಹಿಡಿದವನು ಇವನು, ಕಳ್ಳನನ್ನು ಹಿಡಿದ ಹೆಸರು ಪಟೇಲನದು.

ಬಾಂಡ್‌ನ ಮೊದಲ ಚಿತ್ರದಲ್ಲೂ ಇದೇ ಲೆಕ್ಕ. ‘ಡಾಕ್ಟರ್ ನೋ’ದ ಕತೆ ಜಮೈಕದಲ್ಲಿ ನಡೆಯುತ್ತದೆ. ಚಿತ್ರ ಬಂದ ವರ್ಷವೇ ಆ ದೇಶ ಬ್ರಿಟಿಷರಿಂದ ಬಿಡುಗಡೆ ಪಡೆಯಿತು. ಅಲ್ಲಿ ಕ್ವಾರೆಲ್ ಎಂಬ ಕಪ್ಪು ಮೀನುಗಾರ ಇದ್ದಾನೆ. ದ್ವೀಪದ ದಾರಿ ಬಲ್ಲವನು ಅವನು, ದೋಣಿ ಅವನದು. ಬಾಂಡ್ ಅವನಿಗೆ ತನ್ನ ಬೂಟು ತಂದುಕೊಡಲು ಹೇಳುತ್ತಾನೆ. ಶತ್ರುವಿನ ಬೆಂಕಿಗೆ ಕ್ವಾರೆಲ್ ಸುಟ್ಟು ಸಾಯುತ್ತಾನೆ, ಬಾಂಡ್ ಉಳಿಯುತ್ತಾನೆ. ಚಪ್ಪಲಿಯ ಸಂಕಟ ಗೊತ್ತಿರುವ ನಮಗೆ ಈ ದೃಶ್ಯ ಅರ್ಥವಾಗಲು ಇಂಗ್ಲಿಷ್ ಬೇಕಾಗಿಲ್ಲ.

ಹಾಗಾದರೆ ಕ್ವಾರೆಲ್‌ನ ಕುಲದವನೇ ಬಾಂಡ್ ಆದರೆ? ಕಪ್ಪು ನಟ ಇದ್ರಿಸ್ ಎಲ್ಬಾ ಅವರ ಹೆಸರು ಬಂದಾಗ ವರ್ಷಗಟ್ಟಲೆ ಗದ್ದಲ ನಡೆಯಿತು. ‘ಪಾತ್ರಕ್ಕೆ ಒಪ್ಪುವುದಿಲ್ಲ’ ಎಂಬ ಮಾತನ್ನು ನಾವೂ ಕೇಳಿ ಬಲ್ಲೆವು. 2021ರ ಚಿತ್ರದಲ್ಲಿ ಲಶಾನಾ ಲಿಂಚ್ ಎಂಬ ಕಪ್ಪು ನಟಿಯ ಪಾತ್ರಕ್ಕೆ 007 ನಂಬರು ಸಿಕ್ಕಿತು. ಸಿಕ್ಕಿದ್ದು ಎಷ್ಟು ಹೊತ್ತು? ಚಿತ್ರ ಮುಗಿಯುವ ಮೊದಲೇ ಅವಳು ತಾನಾಗಿ ಆ ನಂಬರನ್ನು ಬಾಂಡ್‌ಗೆ ಮರಳಿಸುತ್ತಾಳೆ. ಮೀಸಲು ಕ್ಷೇತ್ರದಲ್ಲಿ ಗೆದ್ದ ಅಧ್ಯಕ್ಷೆ ಸಹಿ ಮಾತ್ರ ಹಾಕಿ, ಖುರ್ಚಿಯ ಮೇಲೆ ಬೇರೆಯವರು ಕೂಡುವ ಪಂಚಾಯಿತಿಗಳು ಯಾರಿಗೆ ನೆನಪಾಗುವುದಿಲ್ಲ? ನಟನ ಬಣ್ಣ ಅಥವಾ ಜಾತಿ ಬದಲಾದ ಮಾತ್ರಕ್ಕೆ ಕತೆ ಬದಲಾಗುವುದಿಲ್ಲ. ಕತೆಯ ಶತ್ರು ಯಾರು, ರಹಸ್ಯ ಯಾರದು, ಕೊನೆಯಲ್ಲಿ ಆಸ್ತಿ ಯಾರ ಕೈಗೆ ಮರಳುತ್ತದೆ ಎಂಬುದನ್ನು ನೋಡಬೇಕು.

‘ಜೇಡರ ಬಲೆ’ಯಲ್ಲಿ ಎಲ್ಲರೂ ಬೆನ್ನು ಹತ್ತುವುದು ಲೋಹವನ್ನು ಬಂಗಾರ ಮಾಡುವ ಸೂತ್ರವನ್ನು. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಮಣ್ಣಿನ ಒಳಗಿಳಿದು ಬಂಗಾರ ತೆಗೆದ ಕೂಲಿಗಳಿದ್ದಾರೆ, ಅವರಿಗೆ ಬೆವರಿನ ಸೂತ್ರವೊಂದೇ ಗೊತ್ತು. 1969ರ ಮೂರನೆಯ ಚಿತ್ರಕ್ಕೂ 1978ರ ನಾಲ್ಕನೆಯದಕ್ಕೂ ನಡುವೆ ಟಾಕೀಸಿನ ಹೊರಗೆ ಏನಾಯಿತು? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಮಾತಿಗೆ ಮಂತ್ರಿ ಪದವಿ ಹೋಯಿತು, ಬೀದಿಯಲ್ಲಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ದಲಿತ ಸಂಘರ್ಷ ಸಮಿತಿ ಕಟ್ಟಲ್ಪಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆಮೇಲೆ 999 ತಿರುಗಿ ಬಂದ. ಬಂದವನು ಹೋದದ್ದು ವಜ್ರದ ಕಳ್ಳರನ್ನು ಹಿಡಿಯಲು. ಈ ನಡುವೆ ಕಳುವಾಗಿದ್ದ ಭೂಮಿ, ಕೂಲಿ, ಮಾನ ಯಾವ ಸಿ.ಐ.ಡಿ.ಯ ಕಡತಕ್ಕೂ ಸೇರಲಿಲ್ಲ.

ಈಗ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಒಂದು ಪ್ರಕರಣ ಹೇಳಬೇಕು. ಸಿನಿಮಾದ ಮಾತು ಅಲ್ಲಿಗೆ ಹೋಗದೆ ಪೂರ್ತಿಯಾಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಟಿಕೆಟ್ ವಿಷಯಕ್ಕೆ ಹುಡುಗರ ನಡುವೆ ಜಗಳವಾಯಿತು. ಜಗಳ ಮರಕುಂಬಿ ಗ್ರಾಮಕ್ಕೆ ಬಂತು. ದಲಿತರ ಕೇರಿಗೆ ನುಗ್ಗಿ ಹೊಡೆದರು, ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹತ್ತು ವರ್ಷ ಕಳೆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳು ಹೈಕೋರ್ಟಿನಿಂದ ಬಹುಪಾಲು ಜನರಿಗೆ ಜಾಮೀನು ಸಿಕ್ಕಿತು.

ಪರದೆಯ ಮೇಲೆ ನಾಯಕ ಯಾರಾಗಬೇಕು ಎಂದು ನಾವು ಕೇಳುವ ಹೊತ್ತಿನಲ್ಲೇ, ಪರದೆಯ ಮುಂದೆ ಕೂಡಲು ಟಿಕೆಟ್ ಯಾರಿಗೆ ಸಿಗಬೇಕು ಎಂಬುದೂ ಇನ್ನೂ ತೀರ್ಮಾನವಾಗಿಲ್ಲ ಎಂದು ಮರಕುಂಬಿ ಹೇಳುತ್ತದೆ. ಇನ್ನೊಂದನ್ನೂ ಹೇಳುತ್ತದೆ. ಈ ಹತ್ತು ವರ್ಷ ಕಣ್ಣಾರೆ ಕಂಡದ್ದನ್ನು ಮರೆಯದೆ, ಅದೇ ಊರಲ್ಲಿ ಅವರ ನಡುವೆಯೇ ಬಾಳಿ, ಕಟಕಟೆ ಹತ್ತಿ ನುಡಿದವರು ಕೇರಿಯ ಜನ. ಬೇಹುಗಾರ ಕದ್ದು ನೋಡುತ್ತಾನೆ, ಅವನ ಹಿಂದೆ ಸರ್ಕಾರ ಇದೆ, ಕೊಲ್ಲಲು ಪರವಾನಗಿ ಇದೆ. ಸಾಕ್ಷಿ ನುಡಿಯುವವನ ಹೆಸರು ಕೂಗಿ ಕರೆಯುತ್ತಾರೆ, ಮುಖ ಎಲ್ಲರಿಗೂ ಕಾಣುತ್ತದೆ. ಸಂಜೆ ಅವನು ತಿರುಗಿ ಅದೇ ಊರಿಗೆ ಹೋಗಬೇಕು, ಮರುದಿನ ಅದೇ ಹೊಲದಲ್ಲಿ ಕೂಲಿ ಕೇಳಬೇಕು. ಇದಕ್ಕಿಂತ ಮೈ ಜುಮ್ಮೆನ್ನುವ ಕತೆ ಯಾವ ಪತ್ತೇದಾರಿ ಚಿತ್ರದಲ್ಲಿದೆ?

ಪೋತ್ನಾಳದಲ್ಲೇ ದಲಿತ ಕೂಲಿ ಹೆಣ್ಣುಮಕ್ಕಳು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಇದೆ. ಚಹಾದಂಗಡಿಯ ಚರ್ಚೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇಲ್ಲ, ಚಿತ್ರಗಳಲ್ಲಿ ಅವರಿಗೆ ಸಿಕ್ಕಿದ್ದು ನಾಯಕನ ತೋಳು ಅಥವಾ ಖಳನ ಬಲೆ. ಆದರೆ ದಿನದ ಕೂಲಿ ಬಿಟ್ಟು ಕಚೇರಿಗೆ ಬಂದು ‘ಲೆಕ್ಕ ತೋರಸ್ರಿ, ನಮ್ಮ ಹೆಸರ್ಲೆ ಏನು ಬರದೀರಿ ಓದ್ರಿ’ ಎಂದು ಕೇಳುವ ಹೆಂಗಸು ಯಾವ 999ಕ್ಕಿಂತಲೂ ದೊಡ್ಡ ಪತ್ತೇದಾರಳು. ಅವಳು ರಹಸ್ಯ ಕದಿಯುವುದಿಲ್ಲ. ರಹಸ್ಯ ಇರಬಾರದು ಎನ್ನುತ್ತಾಳೆ.

ಇಲ್ಲಿ ನಮ್ಮ ಬರಹಗಾರರ ಪಾಲಿನ ಕೆಲಸವೂ ಇದೆ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು, ದೊಡ್ಡ ಪುಸ್ತಕ ಮುಟ್ಟದ ಜನರ ಕೈಗೂ ಪುಸ್ತಕ ಕೊಟ್ಟರು. ಅದನ್ನು ಅಗ್ಗದ ಸಾಹಿತ್ಯ ಎಂದ ಪಂಡಿತರ ಜೊತೆ ನಾವು ಸೇರಬೇಕಾಗಿಲ್ಲ. ದಲಿತ ಕತೆಗಾರರು ನೋವನ್ನು ಬರೆದಿದ್ದಾರೆ, ಸಿಟ್ಟನ್ನು ಬರೆದಿದ್ದಾರೆ. ಹೆಜ್ಜೆ ಹಿಡಿದು ಹೋಗುವ ತಳವಾರನ ಜಾಣತನವನ್ನು, ಬದುವಿನ ಕಲ್ಲಿನ ರಹಸ್ಯ ಬಿಡಿಸುವ ವಾಲೀಕಾರನ ಬುದ್ಧಿಯನ್ನು, ಸಾಕ್ಷಿಗೆ ನಿಂತ ಮುದುಕಿಯ ಎದೆಗಾರಿಕೆಯನ್ನು ಓದುಗ ಉಸಿರು ಬಿಗಿಹಿಡಿದು ಓದುವ ಹಾಗೆ ಯಾಕೆ ಬರೆಯಬಾರದು?

ಅಭಿಮಾನಿ ಗೆಳೆಯರೇ, ನಿಮ್ಮ ಜಗಳ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮುಂದಿನ 999 ಯಾರು ಎಂದು ಕೇಳ್ರಿ, ಜೋರಾಗಿಯೇ ಕೇಳ್ರಿ. ಅದರ ಜೊತೆಗೆ, ಅವನು ಯಾವ ಕೇರಿಯಿಂದ ಬರ್ತಾನ, ಯಾರ ಕಳವು ಹಿಡೀತಾನ ಅಂತನೂ ಕೇಳ್ರಿ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ನಟ ತಾನಾಗಿ ಸಿಗುತ್ತಾನೆ. ಸಿಗುವವಳು ನಟಿಯೂ ಆಗಿರಬಹುದು.