ಹಳೆಯ ದೀಕ್ಷಿತ್, ಹೊಸ ದೀಕ್ಷಿತ್ ಮತ್ತು ನಮ್ಮ ಷರೀಫಜ್ಜ

ರಘು ದೀಕ್ಷಿತ್ ಅವರ ಹೊಸ ಹಾಡು ಬಂದಾಗಲೆಲ್ಲ ಕೇಳುಗರ ನಡುವೆ ಒಂದು ಮಾತು ತಪ್ಪದೆ ಹುಟ್ಟುತ್ತದೆ: ‘ಮೊದಲಿನ ಹಾಗಿಲ್ಲ.’ ಮೊದಲಿನದು ಎಂದರೆ 2008ರ ಆಲ್ಬಮ್. ಎರಡನೆಯದಾದ ‘ಜಗ್ ಚಂಗಾ’ 2013ರಲ್ಲಿ ಬಂದಾಗಲೂ ಇದೇ ಮಾತು ಕೇಳಿಬಂತು. ಅದಾಗಿ ಹತ್ತು ವರ್ಷಕ್ಕೂ ಮೀರಿದ ಅಂತರದ ನಂತರ ಮೂರನೆಯದಾಗಿ ‘ಶಕ್ಕರ್’ ಬಂದಿದೆ. ಈಗಲೂ ಅದೇ ಮಾತು. ವ್ಯತ್ಯಾಸ ಇಷ್ಟೇ, 2013ರಲ್ಲಿ ‘ಜಗ್ ಚಂಗಾ’ವನ್ನು ತಳ್ಳಿಹಾಕಿದವರೇ ಈಗ ‘ಶಕ್ಕರ್’ ತಳ್ಳಿಹಾಕುವುದಕ್ಕೆ ‘ಜಗ್ ಚಂಗಾ’ದ ಉದಾಹರಣೆ ಕೊಡುತ್ತಾರೆ. ಹಳೆಯದಾಗಲು ಒಂದು ಹಾಡಿಗೆ ಹತ್ತು ವರ್ಷ ಸಾಕು ಎಂದಾಯಿತು.

ಈ ಮಾತನ್ನು ಬರೀ ಅಭಿಮಾನಿಗಳ ಮುನಿಸು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಶಿರಾಳಕೊಪ್ಪದಲ್ಲಿ ಕೂತು ಕೇಳುವ ನನಗೆ ಇದರೊಳಗೆ ಬೇರೊಂದು ಪ್ರಶ್ನೆ ಕಾಣುತ್ತದೆ. ದೀಕ್ಷಿತ್ ಅವರ ಹೆಸರು ಕನ್ನಡದ ಕಿವಿಗಳಲ್ಲಿ ನಿಂತಿರುವುದು ಮುಖ್ಯವಾಗಿ ಶಿಶುನಾಳ ಷರೀಫರ ಪದಗಳಿಂದ. ಆ ಷರೀಫರು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರು. ಇಲ್ಲಿ ಅವರು ‘ಷರೀಫಜ್ಜ’. ಹಾಗಾಗಿ ನಮ್ಮಲ್ಲಿ ಜಗಳ ಎರಡು ಆಲ್ಬಮ್‌ಗಳ ನಡುವೆ ನಿಲ್ಲುವುದಿಲ್ಲ. ಭಜನೆಯಲ್ಲಿ ಹಾಡುವ ಹಿರಿಯರೊಬ್ಬರು ನನಗೆ ಹೇಳಿದ್ದು: ‘ತಮಾ, ಆ ಹುಡುಗ ಚಲೋ ಹಾಡ್ತಾನ, ಆದ್ರ ಪದ ಎಲ್ಲಿ ಐತಿ ಅಂತ ಹುಡುಕಬೇಕಾಗ್ತದ.’ ಅವರ ಪಾಲಿಗೆ ಐವತ್ತು ದಾಟಿದ ರಘು ದೀಕ್ಷಿತ್ ಇನ್ನೂ ಹುಡುಗ, 2008ರ ಆಲ್ಬಮ್ಮೇ ತೀರಾ ಹೊಸದು. ಹಾಗಾದರೆ ‘ಮೊದಲಿನ ಹಾಗೆ’ ಅನ್ನುವುದರಲ್ಲಿ ‘ಮೊದಲು’ ಯಾವುದು?

ಈ ಪ್ರಶ್ನೆಗೆ ನನ್ನ ಓರಗೆಯವರ ಉತ್ತರ ಒಂದಾದರೆ, ನಮ್ಮ ತಂದೆ–ತಾಯಿಯರ ಉತ್ತರ ಇನ್ನೊಂದು. ಅವರಿಗೆ ಮೊದಲು ಎಂದರೆ ಸಿ. ಅಶ್ವಥ್. ಎಂಬತ್ತರ ದಶಕದ ಕ್ಯಾಸೆಟ್ಟುಗಳಲ್ಲಿ ಅಶ್ವಥ್ ಮತ್ತು ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಷರೀಫರು ಮನೆಮನೆಗೆ ಬಂದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ ಬಂದ ಮೇಲಂತೂ ಅಶ್ವಥ್ ಅವರ ಮಟ್ಟು ಮತ್ತು ಷರೀಫರ ಮಾತು ಒಂದೇ ಎಂಬಂತೆ ಬೆಸೆದುಹೋದವು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆದಾಗ ನೆರೆದ ಜನಸಾಗರವನ್ನು ನೆನೆದರೆ, ರಾಕ್ ತಾರೆಯರಿಗೆ ಸಿಗುವಂಥ ಸಭೆ ಕನ್ನಡದ ಭಾವಗೀತೆಗೂ ಸಿಕ್ಕಿತ್ತು ಎಂಬುದು ತಿಳಿಯುತ್ತದೆ.

ಆದರೆ ಅಶ್ವಥ್ ಅವರದೂ ಮೊದಲಲ್ಲ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ದನಿ ಯಾವ ತಟ್ಟೆಯಲ್ಲೂ ಉಳಿದಿಲ್ಲ. ಕ್ಯಾಸೆಟ್ಟು ಬರುವವರೆಗಿನ ಸುಮಾರು ನೂರು ವರ್ಷ ಈ ಪದಗಳನ್ನು ಕಾಪಾಡಿದವರು ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನೆಯವರು. ಅವರ ಹಾಡಿಕೆಯಲ್ಲಿ ಪದ ಊರಿಂದ ಊರಿಗೆ ಬದಲಾಗುತ್ತಿತ್ತು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಮ್ಮೇಳ ಹಿಡಿಯುತ್ತಾರೆ, ರಾತ್ರಿ ಬೆಳೆದಂತೆ ಲಯ ಏರುತ್ತದೆ. ಅಶ್ವಥ್ ಇದನ್ನು ಒಬ್ಬ ಗಾಯಕನ ಹಾಡನ್ನಾಗಿ ಮಾಡಿದರು. ಹಿಮ್ಮೇಳದ ಜಾಗಕ್ಕೆ ವಾದ್ಯಗೋಷ್ಠಿ ಬಂತು, ಜಾಗರಣೆಯ ಜಾಗಕ್ಕೆ ಐದು ನಿಮಿಷದ ಧ್ವನಿಮುದ್ರಣ ಬಂತು. ಅಂದರೆ ನಾವು ಇಂದು ‘ಸಂಪ್ರದಾಯ’ ಎಂದು ದೀಕ್ಷಿತ್ ಅವರ ಎದುರಿಗೆ ನಿಲ್ಲಿಸುವ ಮಟ್ಟುಗಳು ಒಂದು ಕಾಲಕ್ಕೆ ಹೊಸ ಪ್ರಯೋಗವೇ ಆಗಿದ್ದವು. ಅಶ್ವಥ್ ದೊಡ್ಡವರಾದದ್ದು ಸಂಪ್ರದಾಯವನ್ನು ಹಾಗೆಯೇ ಒಪ್ಪಿಸಿದ್ದರಿಂದಲ್ಲ, ಮಾತಿಗೆ ತಕ್ಕ ದನಿಯನ್ನು ಹೊಸದಾಗಿ ಹುಡುಕಿದ್ದರಿಂದ.

ಈ ಹಿನ್ನೆಲೆಯಲ್ಲಿ ದೀಕ್ಷಿತ್ ಅವರ 2008ರ ಆಲ್ಬಮ್ ಮತ್ತೆ ಕೇಳಬೇಕು. ಮೈಸೂರಿನಲ್ಲಿ ಓದಿ, ಭರತನಾಟ್ಯ ಕಲಿತು, ಕಾಲೇಜಿನ ಸಹಪಾಠಿಯೊಬ್ಬರ ಜೊತೆ ಕಟ್ಟಿದ ಪಂದ್ಯಕ್ಕಾಗಿ ಗಿಟಾರ್ ಹಿಡಿದೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ, ವರ್ಷಗಟ್ಟಲೆ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿ, ಕೊನೆಗೆ ವಿಶಾಲ್–ಶೇಖರ್ ಅವರ ಬೆಂಬಲದಿಂದ ಆ ಆಲ್ಬಮ್ ಹೊರಬಂತು. ಅದರಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಜೊತೆಗೆ ಷರೀಫರ ಎರಡು ಪದಗಳಿವೆ: ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಈ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು. ಕನ್ನಡದ ತತ್ವಪದ ಅಷ್ಟು ದೂರ ಹೋದದ್ದು ಸಣ್ಣ ಸಂಗತಿಯಲ್ಲ. ಆದರೆ ದೂರ ಹೋಗಿದ್ದು ಪದವೋ, ಬರೀ ಅದರ ನಾದವೋ ಎಂದು ಕೇಳುವುದು ವಿಮರ್ಶೆಯ ಕೆಲಸ.

ಮಾಳಿಗೆಯ ಪದವನ್ನೇ ತೆಗೆದುಕೊಳ್ಳೋಣ. ಮಾಳಿಗೆ ಎಂದರೆ ಬಯಲುಸೀಮೆಯ ಮಣ್ಣಿನ ಸೂರು. ತೊಲೆ, ಜಂತಿಗಳ ಮೇಲೆ ಮಣ್ಣು ಹರವಿದ್ದು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಮೆತ್ತದಿದ್ದರೆ ಅದು ಸೋರುತ್ತದೆ. ನಮ್ಮೂರು ಮಲೆನಾಡಿನ ಹಂಚಿನ ಮನೆಗಳೂ ಬಯಲುಸೀಮೆಯ ಮಾಳಿಗೆ ಮನೆಗಳೂ ಸಂಧಿಸುವ ಅಂಚಿನಲ್ಲಿದೆ. ಸೊರಬದ ಕಡೆ ಹೋದರೆ ಹಂಚು, ಹಿರೇಕೆರೂರಿನ ಕಡೆ ಹೋದರೆ ಮಾಳಿಗೆ. ಸೋರಿಕೆ ಎರಡೂ ಕಡೆ ಗೊತ್ತು. ಷರೀಫರು ಈ ಸೋರಿಕೆಗೆ ಕೊಡುವ ಕಾರಣ ಮಳೆಯಲ್ಲ, ಅಜ್ಞಾನ. ಮನೆ ಎಂದರೆ ದೇಹ. ಜಂತಿಗೆ ಹುಳು ಹಿಡಿದಿದೆ, ದುರಸ್ತಿ ಮಾಡುವವರಿಲ್ಲ, ಕತ್ತಲಲ್ಲಿ ಮೇಲೆ ಹತ್ತುವ ಧೈರ್ಯ ಹೇಳುವವನಿಗೂ ಇಲ್ಲ. ನಗು ತರಿಸುವಂತೆ ಶುರುವಾಗಿ ಭಯ ಹುಟ್ಟಿಸುವ ಪದ ಇದು.

ಅಶ್ವಥ್ ಇದನ್ನು ಹಾಡುವಾಗ ದನಿಯಲ್ಲಿ ನಾಟಕದ ತೂಕವಿದೆ. ಅವರು ಅಕ್ಷರವನ್ನು ಎಳೆದು, ಒತ್ತಿ, ನಿಲ್ಲಿಸಿ ನಮ್ಮನ್ನು ಒಂದೊಂದೇ ಜಂತಿಯ ಕೆಳಗೆ ಕರೆದೊಯ್ಯುತ್ತಾರೆ. ಎಚ್ಚರಿಕೆ ಹೇಳುವ ಹಿರಿಯನ ದನಿ ಅದು. ದೀಕ್ಷಿತ್ ಅವರಲ್ಲಿ ಹಿರಿಯನಿಲ್ಲ. ಸೋರುವ ಮನೆಯೊಳಗೇ ನಿಂತು ಕೂಗುತ್ತಿರುವವನಿದ್ದಾನೆ. ಗಿಟಾರು ಮತ್ತು ಪಿಟೀಲು ಒಟ್ಟಿಗೆ ಏರುವಾಗ ಮಳೆ ಜೋರಾದ ಅನುಭವವಾಗುತ್ತದೆ. ಇದು ಅಲಂಕಾರವಲ್ಲ, ಅರ್ಥದ ಆಯ್ಕೆ. ಅಜ್ಞಾನದ ಬಗ್ಗೆ ತಿಳಿದವನು ಹೇಳುವುದಕ್ಕೂ ಅದರಲ್ಲಿ ಸಿಕ್ಕಿಕೊಂಡವನು ಹೇಳುವುದಕ್ಕೂ ವ್ಯತ್ಯಾಸವಿದೆ. ಷರೀಫರ ಪದದಲ್ಲಿ ಎರಡೂ ದನಿಗಳಿಗೆ ಜಾಗವಿದೆ. ನನ್ನ ಮಟ್ಟಿಗೆ ಇಲ್ಲಿ ದೀಕ್ಷಿತ್ ಗೆದ್ದಿದ್ದಾರೆ.

ಆದರೆ ‘ಜಗ್ ಚಂಗಾ’ದ ಕೋಡಗ–ಕೋಳಿಯ ಪದಕ್ಕೆ ಬಂದರೆ ನನಗೆ ಅಷ್ಟು ಸಮಾಧಾನವಿಲ್ಲ. ಅದು ಬೆಡಗಿನ ಪದ. ನುಂಗಬಾರದ್ದು ನುಂಗಲಾಗದ್ದನ್ನು ನುಂಗುತ್ತದೆ. ನುಡಿಯಿಂದ ನುಡಿಗೆ ಜಗತ್ತು ತಲೆಕೆಳಗಾಗುತ್ತ ಹೋಗಿ, ಕೊನೆಯಲ್ಲಿ ಗುರು ಗೋವಿಂದ ಭಟ್ಟರ ಪಾದ ಷರೀಫರ ಆತ್ಮವನ್ನೇ ನುಂಗಿಬಿಡುತ್ತದೆ. ಅಂದರೆ ಪಲ್ಲವಿ ಪ್ರತಿ ಸಲ ಅದೇ ಮಾತಾಗಿ ಮರಳಿದರೂ ಅದರ ಅರ್ಥ ಅದೇ ಆಗಿ ಉಳಿಯುವುದಿಲ್ಲ. ಮೊದಲ ಸಲ ಅದು ತಮಾಷೆ, ಕೊನೆಯ ಸಲ ಅದು ಅನುಭಾವ. ಭಜನೆಯವರು ಕೊನೆಯ ನುಡಿಗೆ ಬಂದಾಗ ಲಯ ತಗ್ಗಿಸಿ, ಗುರುವಿನ ಹೆಸರು ಬಂದ ಕಡೆ ಕೈಮುಗಿಯುವುದು ಸುಮ್ಮನೆ ಅಲ್ಲ. ರಾಕ್ ಹಾಡಿನ ಕಟ್ಟಡದಲ್ಲಿ ಪಲ್ಲವಿಯ ಕೆಲಸ ಬೇರೆ. ಅದು ಸಭೆಯನ್ನು ಮತ್ತೆ ಮತ್ತೆ ಒಂದೇ ಎತ್ತರಕ್ಕೆ ಏರಿಸಬೇಕು. ಮೊದಲ ಸಲವೇ ಶಿಖರ ಮುಟ್ಟಿದ ಹಾಡಿಗೆ ಕೊನೆಯ ನುಡಿಯಲ್ಲಿ ಹೋಗಲು ಜಾಗ ಉಳಿದಿರುವುದಿಲ್ಲ. ಭಜನೆಯ ಹಿರಿಯರು ‘ಪದ ಎಲ್ಲಿ ಐತಿ’ ಎಂದು ಕೇಳಿದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಅವರ ತಕರಾರು ಗಿಟಾರಿನ ಮೇಲಲ್ಲ, ಕೊನೆಯ ನುಡಿ ಕಳೆದುಹೋದದ್ದರ ಮೇಲೆ.

ಗಿಟಾರಿನ ಮೇಲೆ, ಡ್ರಮ್ಸಿನ ಮೇಲೆ ತಕರಾರು ಮಾಡುವವರಿಗೆ ನಮ್ಮೂರ ಪಕ್ಕದ ಬಳ್ಳಿಗಾವಿಯನ್ನು ನೆನಪಿಸಬೇಕು. ಹರಿಹರನ ರಗಳೆಯಲ್ಲಿ ಬರುವ ಅಲ್ಲಮ ಬಳ್ಳಿಗಾವಿಯ ಮದ್ದಳೆಗಾರ. ಕಾಮಲತೆಯನ್ನು ಪ್ರೀತಿಸಿ, ಅವಳನ್ನು ಕಳೆದುಕೊಂಡು, ಅನಿಮಿಷನನ್ನು ಕಂಡ ಮೇಲೆ ಅವನು ಅಲ್ಲಮಪ್ರಭುವಾಗುತ್ತಾನೆ. ಕನ್ನಡದಲ್ಲಿ ಬೆಡಗನ್ನು ಅದರ ಶಿಖರಕ್ಕೆ ಒಯ್ದವನು ಮೂಲತಃ ಚರ್ಮವಾದ್ಯದವನು! ಷರೀಫರ ಕೋಡಗ–ಕೋಳಿಗೆ ಅಲ್ಲಮನ ಬೆಡಗಿನ ವಚನಗಳೇ ಹಿರಿಯರು. ಹಾಗಾಗಿ ಗಟ್ಟಿ ಲಯ ಮತ್ತು ಗಹನವಾದ ಮಾತು ಒಂದಕ್ಕೊಂದು ಶತ್ರುಗಳೆಂದು ನಮ್ಮ ಸೀಮೆಯವರು ಹೇಳಬಾರದು. ಕೇಳಬೇಕಾದ್ದು ಇಷ್ಟೇ: ಲಯ ಮಾತನ್ನು ಹೊತ್ತುಕೊಂಡು ಹೋಗುತ್ತಿದೆಯೋ, ತುಳಿದುಕೊಂಡು ಹೋಗುತ್ತಿದೆಯೋ? ಮಾಳಿಗೆಯ ಪದದಲ್ಲಿ ಹೊತ್ತಿದೆ, ಕೋಡಗ–ಕೋಳಿಯಲ್ಲಿ ಅಲ್ಲಲ್ಲಿ ತುಳಿದಿದೆ.

ಇನ್ನೊಂದು ತಕರಾರು ಭಾಷೆಯದು. ‘ನಮಗೆ ಕನ್ನಡದ ದೀಕ್ಷಿತ್ ಸಾಕು, ಹಿಂದಿ ಯಾಕೆ’ ಎನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ‘ಶಕ್ಕರ್’ ಎಂಬ ಹೆಸರು ಕೇಳಿಯೇ ಮುಖ ತಿರುಗಿಸಿದವರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಕನ್ನಡದ ಪದಗಳಿಂದ ಹೆಸರು ಪಡೆದವರು ದೊಡ್ಡ ಮಾರುಕಟ್ಟೆಯ ಭಾಷೆಗೆ ಜಾರಿಬಿಟ್ಟರೆ ಎಂಬ ಭಯ ಸುಳ್ಳಲ್ಲ. ಆದರೆ ಅವರ ಮೊದಲ ಆಲ್ಬಮ್ಮಿನಲ್ಲೇ ಹಿಂದಿ ಹಾಡುಗಳಿದ್ದವು, ಮೈಸೂರನ್ನು ಕುರಿತ ಹಾಡೇ ಹಿಂದಿಯಲ್ಲಿತ್ತು. ಅದನ್ನು ಮರೆತು ಹಳೆಯ ದೀಕ್ಷಿತ್ ಅಪ್ಪಟ ಕನ್ನಡದವರು, ಹೊಸ ದೀಕ್ಷಿತ್ ಅಲ್ಲ ಎನ್ನುವುದು ನಾವು ಕಟ್ಟಿಕೊಂಡ ಕತೆ. ಶಿರಾಳಕೊಪ್ಪದ ಸಂತೆಯಲ್ಲಿ ಕನ್ನಡ, ಉರ್ದು, ಲಂಬಾಣಿ ಮೂರೂ ಒಂದೇ ತಕ್ಕಡಿಯ ಮುಂದೆ ಚೌಕಾಸಿ ಮಾಡುತ್ತವೆ. ಮುಸ್ಲಿಮರ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರುವನ್ನು ಹಿಡಿದು, ಶರಣರ ನುಡಿಗಟ್ಟಿನಲ್ಲಿ ಹಾಡಿದ ಷರೀಫಜ್ಜನನ್ನು ಇಟ್ಟುಕೊಂಡು ಅಪ್ಪಟತನದ ವಾದ ಹೂಡುವುದು ಕಷ್ಟ.

ಹಾಗಿದ್ದೂ ಒಂದು ಮಾತು ಹೇಳಲೇಬೇಕು. ದೀಕ್ಷಿತ್ ಅವರ ಸ್ವಂತ ಹಾಡುಗಳ ಸಾಹಿತ್ಯಕ್ಕೂ ಷರೀಫರ ಪದಗಳಿಗೂ ನಡುವೆ ದೊಡ್ಡ ಅಂತರವಿದೆ. ಪ್ರೀತಿ, ವಿರಹ, ಬದುಕು ಸುಂದರ, ನಗುತ್ತಿರು ಎಂಬ ಸರಳ ಭಾವಗಳು ಅವರ ಹಾಡುಗಳಲ್ಲಿ ಪ್ರಾಮಾಣಿಕವಾಗಿ ಬರುತ್ತವೆ. ಆ ದನಿಗೆ ಅವು ಒಪ್ಪುತ್ತವೆ ಕೂಡ. ಆದರೆ ಪಕ್ಕದಲ್ಲೇ ಷರೀಫರ ಪದ ಕೂತಿರುವಾಗ ಅವು ತೆಳುವಾಗಿ ಕೇಳುತ್ತವೆ. ‘ಮೊದಲಿನ ಹಾಗಿಲ್ಲ’ ಎಂಬ ಮಾತಿನಲ್ಲಿ ನಿಜವಿರುವುದಾದರೆ ಅದು ಇಲ್ಲಿದೆ. ನಾವು ಕಳೆದುಕೊಂಡೆವೆಂದು ಹಲುಬುತ್ತಿರುವುದು ಹಳೆಯ ದೀಕ್ಷಿತರನ್ನಲ್ಲ, ಅವರ ದನಿಗೆ ಷರೀಫರು ಕೊಟ್ಟ ತೂಕವನ್ನು. ಅದನ್ನು ಹೊಸ ಆಲ್ಬಮ್ಮಿನ ಸಕ್ಕರೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ತಪ್ಪಿಗೆ ಸಕ್ಕರೆಯನ್ನು ಬೈಯುವುದೂ ನ್ಯಾಯವಲ್ಲ.

ಕಲಾವಿದ ಬದಲಾದಾಗ ಸಿಟ್ಟಾಗುವ ಕೇಳುಗರು ಎಲ್ಲ ಕಡೆ ಇದ್ದಾರೆ. 1965ರಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭೆಯಲ್ಲಿ ಕೂಗಾಟವಾಯಿತು. ಅದೇ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ಹಾಡು ಸಾಹಿತ್ಯವೇ ಎಂಬ ಜಗಳ ಎದ್ದಿತು. ವಚನ, ಕೀರ್ತನೆ, ತತ್ವಪದಗಳನ್ನು ಓದಿ ಬೆಳೆದ ನಮಗೆ ಆ ಎರಡನೆಯ ಪ್ರಶ್ನೆ ಪ್ರಶ್ನೆಯೇ ಅಲ್ಲ. ಮೊದಲನೆಯದಾದರೂ ನಮ್ಮನ್ನು ಕಾಡಬೇಕು. ನಾವು ಒಬ್ಬ ಹಾಡುಗಾರನನ್ನು ಪ್ರೀತಿಸುವುದು ಅವನು ಹುಡುಕುತ್ತಾನೆಂದೋ, ನಮ್ಮ ಇಪ್ಪತ್ತನೆಯ ವಯಸ್ಸನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾನೆಂದೋ?

ನನ್ನ ಓರಗೆಯವರಲ್ಲಿ ಬಹಳ ಮಂದಿ ಷರೀಫರ ಪುಸ್ತಕ ಹಿಡಿಯುವ ಮುಂಚೆ ದೀಕ್ಷಿತ್ ಅವರ ಹಾಡು ಕೇಳಿದವರು. ಅಲ್ಲಿಂದ ಅಶ್ವಥ್ ಅವರಿಗೆ, ಅಲ್ಲಿಂದ ಭಜನೆಯ ಮನೆಗೆ, ಕೆಲವರು ಅಲ್ಲಮನವರೆಗೂ ಹಿಂದಕ್ಕೆ ನಡೆದು ಹೋದರು. ಹಾಡೊಂದು ಹಿಂದಕ್ಕೆ ಹೋಗುವ ದಾರಿ ತೆರೆದರೆ ಅದು ಮಾಡಬೇಕಾದ ಕೆಲಸ ಮಾಡಿದೆ. ಇನ್ನು ಮುಂದಿನ ಆಲ್ಬಮ್ಮಿನಲ್ಲಿ ದೀಕ್ಷಿತ್ ಅವರಿಂದ ನಾನು ಬಯಸುವುದು ಮತ್ತೊಂದು 2008 ಅಲ್ಲ. ಒಂದೇ ಒಂದು ಪದವನ್ನು, ಕೊನೆಯ ನುಡಿಗೆ ಬಂದಾಗ ಡ್ರಮ್ಸ್ ನಿಲ್ಲಿಸಿ, ಐವತ್ತು ದಾಟಿದ ದನಿಯಲ್ಲಿ ಮೆಲ್ಲಗೆ ಹಾಡಲಿ. ಆ ದನಿ ಮೊದಲಿನ ಹಾಗಿರುವುದಿಲ್ಲ. ಗುರುವಿನ ಪಾದ ತನ್ನನ್ನು ನುಂಗಿತು ಎಂದು ಹೇಳುವುದಕ್ಕೆ ಮೊದಲಿನ ದನಿಗಿಂತ ಅದೇ ಹೆಚ್ಚು ಒಪ್ಪೀತು.